ಮೊದಲು ಪಕ್ಕದ ಮುಚ್ಚಳ ತೆಗೆಸಿ ನೋಡಿ

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ನನಗೊಂದು ಪತ್ರ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸದನ್ನು ಕೊಳ್ಳುವವರದೇ. ಕಂಪನಿಯಿಂದ ಸಿದ್ಧವಾಗಿ ಬರುವ ಡೆಸ್ಕ್‌ಟಾಪ್ ಒಳ್ಳೆಯದೋ, ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದು ಒಳ್ಳೆಯದೋ ಎಂದು ಎಲ್ಲರೂ ಕೇಳಿದ್ದಾರೆ. ಮೈಸೂರಿನ ಪಾಲಿಟೆಕ್ನಿಕ್ ಒಂದರ ಹಾರ್ಡ್‌ವೇರ್ ಪ್ರಯೋಗಾಲಯದಲ್ಲಿ 29 ವರ್ಷ ಪಾಠ ಹೇಳಿದವಳು ನಾನು. ಎರಡೂ ಬಗೆಯ ಯಂತ್ರಗಳನ್ನು ನೂರಾರು ಸಲ ಬಿಚ್ಚಿ ಜೋಡಿಸಿದ್ದೇನೆ. ಕುವೆಂಪುನಗರದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಈಗಲೂ ಒಂದು ಮೇಜು ಆ ಕೆಲಸಕ್ಕೇ ಮೀಸಲು. ಏಳು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗಳು ಮಂಡ್ಯದಲ್ಲೇ ಎಂಜಿನಿಯರಿಂಗ್ ಸೇರಿದ್ದಾಳೆ, ಕಂಪ್ಯೂಟರ್ ಸೈನ್ಸ್. ಕಬ್ಬಿನ ದುಡ್ಡು ಕೈಗೆ ಬಂದಿದೆ. 65 ಸಾವಿರದೊಳಗೆ ಮನೆಗೊಂದು ಡೆಸ್ಕ್‌ಟಾಪ್ ತರಬೇಕು. ಅಸೆಂಬಲ್ ಮಾಡಿಸಿದ್ದಕ್ಕೆ ಗ್ಯಾರಂಟಿಯೇ ಇರುವುದಿಲ್ಲ, ಕಂಪನಿಯದನ್ನೇ ತನ್ನಿ ಎಂದು ನನ್ನ ಭಾವಮೈದುನ ಹೇಳುತ್ತಾನೆ. ಮಗಳು ಅಸೆಂಬಲ್ಲೇ ಬೇಕೆಂದು ಹಟ ಹಿಡಿದಿದ್ದಾಳೆ. ಯಾರ ಮಾತು ಕೇಳಲಿ? — ಒಬ್ಬ ರೈತ, ಮಂಡ್ಯ ತಾಲ್ಲೂಕು

ಉತ್ತರ: ನಾನು ನಿಮ್ಮ ಮಗಳ ಕಡೆ. ಆದರೂ ನಿಮ್ಮ ಭಾವಮೈದುನರ ಆತಂಕಕ್ಕೆ ಉತ್ತರ ಕೊಟ್ಟು ಮುಂದೆ ಹೋಗುವುದು ನ್ಯಾಯ.

ಅಸೆಂಬಲ್ ಮಾಡಿಸಿದ ಯಂತ್ರಕ್ಕೆ ಇಡಿಯಾಗಿ ಒಂದು ವಾರಂಟಿ ಇರುವುದಿಲ್ಲ, ಒಂದೊಂದು ಬಿಡಿಭಾಗಕ್ಕೂ ಅದರದರ ವಾರಂಟಿ ಇರುತ್ತದೆ. ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗೆ ಇಂಟೆಲ್ ಆಗಲಿ ಎಎಂಡಿ ಆಗಲಿ 3 ವರ್ಷ ಕೊಡುತ್ತವೆ. ಎಲ್ಲ ಭಾಗಗಳೂ ಬಂದು ಕೂರುವ ಮದರ್‌ಬೋರ್ಡಿಗೂ ಸಾಮಾನ್ಯವಾಗಿ 3 ವರ್ಷ. ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿಗೆ, ಅಂದರೆ ಒಳ್ಳೆಯ ಎಸ್‌ಎಂಪಿಎಸ್‌ಗೆ 5 ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ಮನೆಬಳಕೆಯ ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಹಲವಕ್ಕೆ ಸಿಗುವುದು ಒಂದೇ ವರ್ಷ. ಮುಂದಿನ ವರ್ಷಗಳಿಗೆ ಬೇರೆ ಹಣ ಕಟ್ಟಬೇಕು. ಹೀಗಾಗಿ ಗ್ಯಾರಂಟಿಯ ಲೆಕ್ಕದಲ್ಲಿ ಅಸೆಂಬಲ್ ಹಿಂದೆ ಬೀಳುವುದಿಲ್ಲ. ಭಾವಮೈದುನರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಯಂತ್ರ ಒಂದು ದಿನ ಮಾತೇ ಆಡದೆ ಕೂತಾಗ, ಕೆಟ್ಟಿರುವುದು ರ‍್ಯಾಮೋ ಬೋರ್ಡೋ ಎಸ್‌ಎಂಪಿಎಸ್ಸೋ ಎಂದು ಪತ್ತೆ ಹಚ್ಚುವವರು ಯಾರು? ಕಂಪನಿಯದಾದರೆ ಒಂದು ಫೋನು ಮಾಡಿದರೆ ಸಾಕು, ಮನೆಗೇ ಜನ ಬರುವ ಏರ್ಪಾಡು ಹಲವು ಮಾದರಿಗಳಿಗೆ ಇದೆ. ಅಸೆಂಬಲ್ ಆದರೆ ಆ ಹೊಣೆ ಅಂಗಡಿಯದು. ಆದ್ದರಿಂದ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಎರಡು ಸಾವಿರ ಉಳಿಯುತ್ತದೆ ಎಂದು ಬೆಂಗಳೂರಿಗೆ ಹೋಗಬೇಡಿ. ಮಂಡ್ಯದಲ್ಲೋ ಮೈಸೂರಿನಲ್ಲೋ ಕೆಟ್ಟದ್ದನ್ನು ಮೇಜಿನ ಮೇಲಿಟ್ಟು ನಿಮ್ಮ ಎದುರಿಗೇ ಬಿಚ್ಚಿ ತೋರಿಸುವ ಅಂಗಡಿಯನ್ನು ಹುಡುಕಿ. ಭಾಗಗಳ ಸೀರಿಯಲ್ ಸಂಖ್ಯೆಗಳನ್ನು ನಮೂದಿಸಿದ ಜಿಎಸ್‌ಟಿ ಬಿಲ್ ಪಡೆದು, ಡಬ್ಬಿಗಳನ್ನು ಅಟ್ಟದ ಮೇಲೆ ಜೋಪಾನವಾಗಿಡಿ.

ಇನ್ನು ಮಗಳ ವಿಷಯ. ಈಗ ಅವಳು ಬರೆಯುವುದು ಸಿ, ಪೈಥಾನ್. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮೂರನೆಯ ವರ್ಷದಲ್ಲಿ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಎಂದು ಬಂದಾಗ ಗ್ರಾಫಿಕ್ಸ್ ಕಾರ್ಡ್ (ಚಿತ್ರ ಮತ್ತು ಭಾರಿ ಲೆಕ್ಕಗಳಿಗೆಂದೇ ಇರುವ ಬೇರೆ ಕಾರ್ಡ್) ಬೇಕಾಗಬಹುದು, ಬೇಕಾಗದೆಯೂ ಇರಬಹುದು. ಇವತ್ತೇ ಅದಕ್ಕೆ ದುಡ್ಡು ಸುರಿಯಬೇಡಿ. ಆದರೆ ಅದು ಬಂದು ಕೂರಲು ಜಾಗವನ್ನು ಇವತ್ತೇ ಮಾಡಿಡಿ. ಅಸೆಂಬಲ್ ಮಾಡಿಸುವುದರ ದೊಡ್ಡ ಲಾಭವೇ ಇದು: ಒಂದು ಕಂತಿನಲ್ಲಿ ಮನೆ ಕಟ್ಟಿ, ಇನ್ನೊಂದು ಕಂತು ಬಂದಾಗ ಮಹಡಿ ಏರಿಸುವ ಹಾಗೆ. ಮಹಡಿ ತಡೆಯುವ ಪಾಯ ಇಲ್ಲಿ ಎಸ್‌ಎಂಪಿಎಸ್.

ಈ ಎಸ್‌ಎಂಪಿಎಸ್ ವಿಷಯದಲ್ಲಿ ನಾನು ಹಟಮಾರಿ. ಹೋದ ವರ್ಷ ಹೂಟಗಳ್ಳಿಯಿಂದ ಒಂದು ಕ್ಯಾಬಿನೆಟ್ ರಿಪೇರಿಗೆ ಬಂತು. ಎಸ್‌ಎಂಪಿಎಸ್ ಆ ಕ್ಯಾಬಿನೆಟ್ ಜೊತೆಗೇ ಉಚಿತವಾಗಿ ಬಂದದ್ದು. ಲೇಬಲ್ಲಿನ ಮೇಲೆ 450 ವ್ಯಾಟ್ ಎಂದು ದಪ್ಪ ಅಕ್ಷರ. ಕೈಯಲ್ಲಿ ಹಿಡಿದರೆ ಒಂದು ಕಿಲೋ ಬೆಲ್ಲದ ಅಚ್ಚಿನಷ್ಟೂ ತೂಕವಿಲ್ಲ. ಬಿಚ್ಚಿದೆ. ಕರೆಂಟು ಒಳಗೆ ಬರುವ ಕಡೆ, ವಿದ್ಯುತ್ತಿನ ಗದ್ದಲವನ್ನು ಸೋಸುವ ತಾಮ್ರದ ಸುರುಳಿ ಇರಬೇಕಾದ ಜಾಗದಲ್ಲಿ, ಒಂದು ತೂತಿನಿಂದ ಇನ್ನೊಂದಕ್ಕೆ ಬರೀ ತಂತಿಯ ತುಂಡನ್ನು ಬೆಸೆದಿದ್ದರು. ಕೆಪಾಸಿಟರ್ ಕೂರಲೆಂದು ಬಿಳಿಯ ಬಣ್ಣದಲ್ಲಿ ಅಚ್ಚಾಗಿದ್ದ ವೃತ್ತಗಳಲ್ಲಿ ಎರಡು ಹಾಗೆಯೇ ಖಾಲಿ. ಅದು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ನಿಮ್ಮೂರಿನಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆದಾಗ ಮನೆಯ ಬಲ್ಬು ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದಕ್ಕೇ ಕೊಟೇಷನ್ ಹಾಳೆಯಲ್ಲಿ ‘550 ವ್ಯಾಟ್ ಎಸ್‌ಎಂಪಿಎಸ್’ ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ತಯಾರಕರ ಹೆಸರು, ಮಾದರಿ ಸಂಖ್ಯೆ, ವಾರಂಟಿಯ ವರ್ಷ, ಮೂರನ್ನೂ ಬರೆಸಿ. ಕ್ಯಾಬಿನೆಟ್‌ನಲ್ಲಿ ಸಾವಿರ ಉಳಿಸಿ, ಇಲ್ಲಿ ಖರ್ಚು ಮಾಡಿ.

ಪ್ರೊಸೆಸರ್ ಕೂರುವ ಸಾಕೆಟ್ ಬಗ್ಗೆ ಮಗಳು ನಿಮ್ಮ ಜೊತೆ ವಾದ ಮಾಡಿರಬಹುದು. ಅವಳ ವಾದದಲ್ಲಿ ತಿರುಳಿದೆ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಕೂತಿತು. 2022ರಲ್ಲೂ ಅದೇ ಸಾಕೆಟ್‌ಗೆ ಹೊಸ ಪ್ರೊಸೆಸರ್ ಬಂತು. ನಡುವೆ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ನವೀಕರಿಸಿ, ಹಳೆಯ ಬೋರ್ಡನ್ನೇ ಉಳಿಸಿಕೊಂಡವರು ಬಹಳ. 2022ರಲ್ಲಿ ಬಂದ ಎಎಂ5ಕ್ಕೆ ಕನಿಷ್ಠ 2027ರವರೆಗೆ ಹೊಸ ಪ್ರೊಸೆಸರ್ ಕೊಡುವುದಾಗಿ ಕಂಪನಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ತಲೆಮಾರುಗಳಿಗೆ ಮುಗಿಯಿತು. ನಿಮ್ಮ ಲೆಕ್ಕಕ್ಕೆ ಎಎಂ5 ಹೊಂದುತ್ತದೆ. ಆದರೆ ನನ್ನ ಅನುಭವದ ಮಾತು ಒಂದಿದೆ. ಮನೆಗಳಲ್ಲಿ ಪ್ರೊಸೆಸರ್ ಬದಲಿಸುವವರು ಕಡಿಮೆ. ಜನ ಬದಲಿಸುವುದು ರ‍್ಯಾಮ್, ಡಿಸ್ಕ್, ಕಾರ್ಡ್. ಸಾಕೆಟ್ ಆಸೆಗೆ ಎಸ್‌ಎಂಪಿಎಸ್ ಅನ್ನು ಕಡೆಗಣಿಸಬಾರದು.

2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹಾಗಾಗಿ ಈಗ 16 ಜಿಬಿಯ ಒಂದೇ ಪಟ್ಟಿ ಹಾಕಿಸಿ ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಎರಡು ಪಟ್ಟಿ ಇದ್ದರೆ ವೇಗ ಹೆಚ್ಚು ಎಂದು ಮಗಳು ಹೇಳುತ್ತಾಳೆ, ನಿಜ. ಆಟ ಆಡುವಾಗ ಅದು ಗೊತ್ತಾಗುತ್ತದೆ, ಪ್ರೋಗ್ರಾಂ ಬರೆಯುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆಲೆ ಇಳಿದಾಗ ಎರಡನೆಯದನ್ನು ಹಾಕಿದರಾಯಿತು. ಸದ್ಯಕ್ಕೆ ಕಾರ್ಡ್ ಇಲ್ಲದಿರುವುದರಿಂದ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರ ಇದ್ದರೆ ಗ್ರಾಫಿಕ್ಸ್ ಇಲ್ಲ, ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಒಂದು ಖರ್ಚನ್ನು ಅಂಗಡಿಯವರು ಹೇಳದೆ ಬಿಡಬಹುದು. ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನವು ಅಸಲಿ ವಿಂಡೋಸ್ ಸಹಿತ ಬರುತ್ತವೆ, ಅಸೆಂಬಲ್‌ಗೆ ಅದನ್ನು ಬೇರೆಯಾಗಿ ಕೊಳ್ಳಬೇಕು. ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳಬೇಡಿ. ಲಿನಕ್ಸ್ ಉಚಿತ, ಕಂಪ್ಯೂಟರ್ ಸೈನ್ಸ್ ಓದುವ ಮಗುವಿಗೆ ಅದು ಹೇಗೂ ಕಲಿಯಬೇಕಾದ ವಿದ್ಯೆ.

ಪ್ರಶ್ನೆ: 2020ರಲ್ಲಿ ಹೆಸರಾಂತ ಕಂಪನಿಯೊಂದರ ಸಣ್ಣ ಗಾತ್ರದ ಡೆಸ್ಕ್‌ಟಾಪ್ ಕೊಂಡೆ. ಮಗ ವಿಡಿಯೋ ಎಡಿಟಿಂಗ್ ಕಲಿಯುತ್ತಿದ್ದಾನೆ. ಸ್ನೇಹಿತನಿಂದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತಂದ. ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಮುಚ್ಚಳ ತೆಗೆದಿಟ್ಟು ಸಿಕ್ಕಿಸೋಣ ಎಂದರೆ ಕರೆಂಟಿನ ವೈರೇ ಇಲ್ಲ. ಎಸ್‌ಎಂಪಿಎಸ್ ಮೇಲೆ 260 ವ್ಯಾಟ್ ಎಂದಿದೆ. ಅದನ್ನು ಬದಲಿಸಲು ಹೋದರೆ ಇದಕ್ಕೆ ಹೊರಗಿನದು ಸೇರುವುದಿಲ್ಲ ಎಂದರು. ಹಾರ್ಡ್ ಡಿಸ್ಕ್‌ನ ಸಾಟಾ ವೈರಿನಿಂದ ಕರೆಂಟು ಎಳೆದುಕೊಳ್ಳುವ ಅಡಾಪ್ಟರ್ ಸಿಗುತ್ತದಂತೆ. ಹಾಕಬಹುದೇ? — ಗೃಹಿಣಿ, ಸರಸ್ವತೀಪುರಂ, ಮೈಸೂರು

ಉತ್ತರ: ಆ ಅಡಾಪ್ಟರನ್ನು ದಯವಿಟ್ಟು ಹಾಕಬೇಡಿ. ತಂದಿದ್ದರೆ ಹಿಂದಿರುಗಿಸಿ. ಒಂದು ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ಹೊರಬಲ್ಲದ್ದು 54 ವ್ಯಾಟ್. ಕಾರ್ಡಿನ 8 ಪಿನ್ನಿನ ಕನೆಕ್ಟರ್ ಕೇಳಬಹುದಾದದ್ದು 150 ವ್ಯಾಟ್. ಅಡಾಪ್ಟರ್ ಎರಡನ್ನೂ ಸಿಕ್ಕಿಸಿಬಿಡುತ್ತದೆ, ಕಾರ್ಡ್ ಚಾಲೂ ಕೂಡ ಆಗಬಹುದು. ಮಗ ಒಂದು ಉದ್ದದ ವಿಡಿಯೋ ರೆಂಡರ್‌ಗೆ ಹಾಕಿ ಊಟಕ್ಕೆ ಎದ್ದಾಗ ಆ ಪ್ಲಾಸ್ಟಿಕ್ ಕರಗುತ್ತದೆ. ಕರಗಿ ಕಂದಾಗಿದ್ದ ಅಂಥ ಒಂದು ತುದಿಯನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದೇನೆ.

ಅಂಗಡಿಯವರು ಹೇಳಿದ್ದು ನಿಜ. ನನಗೆ ಈ ವಿಷಯದಲ್ಲಿ ನೋವಿದೆ, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರೊಳಗೆ ಐದು ಸ್ಲಾಟ್ ಇಟ್ಟಿತ್ತು. ಸರ್ಕ್ಯೂಟಿನ ನಕ್ಷೆಗಳನ್ನು ಪುಸ್ತಕವಾಗಿ ಮಾರಿತು. ಯಾರು ಬೇಕಾದರೂ ಅದಕ್ಕೆ ಕಾರ್ಡ್ ತಯಾರಿಸಬಹುದಿತ್ತು. ನಮ್ಮ ‘ಅಸೆಂಬಲ್ಡ್’ ಯಂತ್ರಗಳ ವಂಶ ಅಲ್ಲಿಂದ ಶುರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಬೋರ್ಡ್ 305 ಮಿಲಿಮೀಟರ್ ಉದ್ದ, 244 ಅಗಲ, ಸ್ಕ್ರೂ ತೂತು ಇಂಥಲ್ಲಿ, ಎಸ್‌ಎಂಪಿಎಸ್‌ನ ಬೆನ್ನು 150ಕ್ಕೆ 86 ಮಿಲಿಮೀಟರ್ ಎಂದೆಲ್ಲ ನಿಗದಿಯಾಯಿತು. ನಾನು 2004ರಲ್ಲಿ ಕೊಂಡ ಕ್ಯಾಬಿನೆಟ್ ಈಗಲೂ ಮೇಜಿನ ಕೆಳಗಿದೆ. ಅದರೊಳಗೆ ಈಗಿರುವುದು ನಾಲ್ಕನೆಯ ಬೋರ್ಡ್. ನಾಲ್ಕಕ್ಕೂ ಅವೇ ತೂತುಗಳು, ಅವೇ ಹಿತ್ತಾಳೆಯ ಸ್ಟ್ಯಾಂಡ್‌ಗಳು. ತೈವಾನಿನವರು ಮಾಡಿದ ಬೋರ್ಡ್, ಚೀನಾದವರು ಮಾಡಿದ ಪೆಟ್ಟಿಗೆ, ಪರಸ್ಪರ ಮುಖ ನೋಡದ ಜನ. ಆದರೂ ಮೈಸೂರಿನಲ್ಲಿ ಕುಳಿತ ನನ್ನ ಸ್ಕ್ರೂ ಸರಿಯಾಗಿ ತೂತಿಗೇ ಇಳಿಯುತ್ತದೆ. ಎಷ್ಟೋ ಜನ ಒಂದು ಅಳತೆಗೆ ಒಪ್ಪಿ ನಡೆದುಕೊಂಡಿದ್ದರ ಫಲ ಅದು.

ಕಂಪನಿಗಳ ಸಣ್ಣ ಗಾತ್ರದ ಡೆಸ್ಕ್‌ಟಾಪ್‌ಗಳಲ್ಲಿ ಹಲವು ಈ ಅಳತೆಯನ್ನು ಬಿಟ್ಟಿವೆ. ಬೋರ್ಡಿಗೆ ಹೋಗುವ 24 ತೂತಿನ ಕನೆಕ್ಟರ್ ಬದಲು ತಮ್ಮದೇ ಆದ 6, 8 ಅಥವಾ 10 ತೂತಿನದು. ಎಸ್‌ಎಂಪಿಎಸ್ ಉದ್ದಕ್ಕೆ, ತೆಳ್ಳಗೆ, ಆ ಒಂದು ಪೆಟ್ಟಿಗೆಗೆ ಮಾತ್ರ ಸೇರುವ ಆಕಾರ. ಕರೆಂಟು ಉಳಿಸುವುದು, ಜಾಗ ಉಳಿಸುವುದು ಎಂಬ ಕಾರಣಗಳೂ ಇವೆ, ಅವು ಸುಳ್ಳಲ್ಲ. ಆದರೆ ಐದು ವರ್ಷದ ಮೇಲೆ ಆ ಭಾಗಕ್ಕಾಗಿ ಪರದಾಡುವವರು ನಿಮ್ಮಂಥವರು. ಎಲ್ಲ ಸಿದ್ಧ ಯಂತ್ರಗಳೂ ಹೀಗಲ್ಲ. ಎತ್ತರದ ಟವರ್ ಮಾದರಿಗಳಲ್ಲಿ ಸಾಮಾನ್ಯ ಅಳತೆಯವೂ ಸಿಗುತ್ತವೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಅಂಗಡಿಯಲ್ಲಿ ಇಟ್ಟಿರುವ ಮಾದರಿಯ ಪಕ್ಕದ ಮುಚ್ಚಳ ತೆಗೆಸಿ, ಬೋರ್ಡಿಗೆ ಹೋಗುವ ದಪ್ಪ ವೈರಿನ ತುದಿಯಲ್ಲಿ ತೂತು ಎಣಿಸಿ. ಹನ್ನೆರಡರ ಎರಡು ಸಾಲು ಇದ್ದರೆ ಮುಂದೆ ದಾರಿ ಇದೆ. ತೆಗೆಯಲು ಒಪ್ಪದ ಅಂಗಡಿಯಿಂದ ಹೊರಗೆ ಬನ್ನಿ.

ಈಗ ನಿಮಗೆ ದಾರಿ. 3060 ಕಾರ್ಡ್ 170 ವ್ಯಾಟ್ ಕುಡಿಯುತ್ತದೆ, ಅದಕ್ಕೆ ಒಟ್ಟು 550 ವ್ಯಾಟ್ ಎಸ್‌ಎಂಪಿಎಸ್ ಬೇಕೆಂದು ತಯಾರಕರೇ ಹೇಳುತ್ತಾರೆ. ಅದನ್ನು ಸ್ನೇಹಿತನಿಗೆ ಹಿಂದಿರುಗಿಸಿ. ಬೋರ್ಡಿನ ಸ್ಲಾಟ್ ಒಂದೇ 75 ವ್ಯಾಟ್‌ವರೆಗೆ ಕೊಡಬಲ್ಲದು. ಅಷ್ಟರಲ್ಲೇ ನಡೆಯುವ, ಬೇರೆ ವೈರು ಬೇಡದ ಕಾರ್ಡ್‌ಗಳಿವೆ. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಅಂಥದ್ದು, 70 ವ್ಯಾಟ್. ಸಣ್ಣ ಪೆಟ್ಟಿಗೆಗೆಂದು ಅರ್ಧ ಎತ್ತರದಲ್ಲೂ ಅದನ್ನು ತಯಾರಿಸುತ್ತಾರೆ. 8 ಜಿಬಿಯ 3050 ಬೇರೆ, ಅದಕ್ಕೆ ವೈರು ಬೇಕು, ಹೆಸರು ಒಂದೇ ಎಂದು ಮೋಸ ಹೋಗಬೇಡಿ. ಸ್ಲಾಟ್‌ನ ಮುಂದೆ ಎಷ್ಟು ಜಾಗವಿದೆ ಎಂದು ಅಳೆದು, ಅಳತೆ ಬರೆದುಕೊಂಡು ಅಂಗಡಿಗೆ ಹೋಗಿ. ಇದರ ಜೊತೆ ರ‍್ಯಾಮನ್ನು 16ಕ್ಕೆ ಏರಿಸಿ, ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿದರೆ ಕಲಿಯುವ ಹುಡುಗನಿಗೆ ಎರಡು ಮೂರು ವರ್ಷ ಸಾಕು.

ಪ್ರಶ್ನೆ: ಅಗ್ರಹಾರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾರ್ಡು ಇವೇ ಕೆಲಸ. 2012ರ ಅಸೆಂಬಲ್ ಯಂತ್ರ, ಐ3 ಮೂರನೆಯ ತಲೆಮಾರು, 4 ಜಿಬಿ. ಪುಟ ವಿನ್ಯಾಸದ ಪೇಜ್‌ಮೇಕರ್ ತಂತ್ರಾಂಶ ಮತ್ತು ಹಳೆಯ ನುಡಿ ಅಕ್ಷರಗಳಲ್ಲಿ ಹನ್ನೆರಡು ವರ್ಷದ ಕೆಲಸ ಇದೆ. ವಿಂಡೋಸ್ 10 ನಿಂತುಹೋಯಿತು, ಹೊಸದು ತೆಗೆದುಕೊಳ್ಳಲೇಬೇಕು ಎನ್ನುತ್ತಾರೆ. ಹೌದೇ? — ಡಿಟಿಪಿ ಕೆಲಸದವರು, ಮೈಸೂರು

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ನಿಯಮದ ಪ್ರಕಾರ ಬರುವುದಿಲ್ಲ. ಅದಕ್ಕೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಾದರೂ ಬೇಕು, ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು. ಇಲ್ಲಿಯವರೆಗೆ ಜನ ಹೇಳಿದ್ದು ಸರಿ. ಯಂತ್ರವನ್ನು ಎಸೆಯಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಆ ಯಂತ್ರ ನಿಮ್ಮ ಹನ್ನೆರಡು ವರ್ಷದ ಕಡತಗಳನ್ನು ತೆರೆಯುವ ಬೀಗದ ಕೈ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹೊಸ ಯಂತ್ರಗಳಲ್ಲಿ ಅದು ಹಟ ಮಾಡುತ್ತದೆ. ಹಳೆಯ ನುಡಿ ಅಕ್ಷರಗಳು ಯುನಿಕೋಡ್ (ಎಲ್ಲ ಯಂತ್ರಗಳೂ ಒಪ್ಪಿದ ಒಂದೇ ಅಕ್ಷರ ಸಂಕೇತ) ಅಲ್ಲದ್ದರಿಂದ ಬೇರೆ ತಂತ್ರಾಂಶದಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆದ್ದರಿಂದ ಹಳೆಯದರ ಇಂಟರ್‌ನೆಟ್ ವೈರು ಕಿತ್ತುಬಿಡಿ, ಪೆನ್‌ಡ್ರೈವ್‌ನಲ್ಲಿ ಮಾತ್ರ ವ್ಯವಹಾರ ಇರಲಿ. ಪೆನ್‌ಡ್ರೈವನ್ನು ಹೊಸ ಯಂತ್ರದಲ್ಲಿ ಮೊದಲು ಪರೀಕ್ಷಿಸಿಯೇ ಇಲ್ಲಿ ಹಾಕಿ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಪ್ರತಿಯನ್ನು 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಇಳಿಸಿ. ಎನ್‌ವಿಎಂಇ ಎಂಬ ಕಡ್ಡಿಯಂಥದ್ದನ್ನು ಕೊಳ್ಳಬೇಡಿ, ಅಷ್ಟು ಹಳೆಯ ಬೋರ್ಡಿನ ಬಯಾಸ್ ಸಾಮಾನ್ಯವಾಗಿ ಅದರಿಂದ ಶುರುವಾಗುವುದಿಲ್ಲ. ಆ ಕಾಲದ ಅಗ್ಗದ ಬೋರ್ಡ್‌ಗಳಲ್ಲಿ ಸಾಟಾ ವೇಗವೂ ಅರ್ಧ. ಚಿಂತಿಸಬೇಡಿ. ಹಾರ್ಡ್ ಡಿಸ್ಕ್ ನಿಧಾನವಾಗುವುದು ಅದರ ಮುಳ್ಳು ತಟ್ಟೆಯ ಮೇಲೆ ಅಲ್ಲಿಗೆ ಇಲ್ಲಿಗೆ ಓಡಾಡುವುದರಿಂದ. ಎಸ್‌ಎಸ್‌ಡಿಗೆ ಆ ಓಡಾಟವೇ ಇಲ್ಲ. ಡಿಡಿಆರ್3 ರ‍್ಯಾಮ್ ಹಳೆಯ ಮಾಲಿನಲ್ಲಿ ಸಿಗುತ್ತದೆ, ಇನ್ನೊಂದು 4 ಜಿಬಿ ಹಾಕಿಸಿ. ಡಿಡಿಆರ್4 ಪಟ್ಟಿಯ ಕಚ್ಚು ಬೇರೆ ಕಡೆ ಇರುತ್ತದೆ, ಒತ್ತಿ ತುರುಕಬೇಡಿ.

ಹೊಸ ಕೆಲಸಕ್ಕೆ, ಬ್ಯಾಂಕು ಮಿಂಚಂಚೆಗೆ, ಸಾಧಾರಣವಾದ ಇನ್ನೊಂದು ಯಂತ್ರ ನಿಧಾನವಾಗಿ ಮಾಡಿಕೊಳ್ಳಿ. ಹಳೆಯ ಮಾನಿಟರ್ ಮತ್ತು ಕೀಲಿಮಣೆ ಅದಕ್ಕೂ ಸೇರುತ್ತವೆ. ಅಸೆಂಬಲ್ ಆದ್ದರಿಂದ ಕ್ಯಾಬಿನೆಟ್ಟೂ ಸೇರುತ್ತಿತ್ತು, ಆದರೆ ಅದನ್ನು ಹಳೆಯದಕ್ಕೇ ಬಿಡಿ.

ಪ್ರಶ್ನೆ: ನಿವೃತ್ತ ಶಿಕ್ಷಕ. ವೈರುಗಳ ಗೋಜಲಿಲ್ಲದ ಆಲ್-ಇನ್-ಒನ್ ಕಂಪ್ಯೂಟರ್ ಚೆನ್ನಾಗಿ ಕಾಣುತ್ತದೆ. ಊರಿನ ಇತಿಹಾಸ ಬರೆಯಬೇಕೆಂದಿದ್ದೇನೆ. ಕೊಳ್ಳಲೇ? — ಶ್ರೀರಂಗಪಟ್ಟಣ

ಉತ್ತರ: ಕೊಳ್ಳಬೇಡಿ, ಸರ್. ಅದು ಕಾಲು ಮಡಚದ ಲ್ಯಾಪ್‌ಟಾಪ್. ಬಹುಪಾಲು ಮಾದರಿಗಳಲ್ಲಿ ಲ್ಯಾಪ್‌ಟಾಪಿನ ಭಾಗಗಳೇ ಇರುತ್ತವೆ. ಪರದೆ ಕೆಟ್ಟರೆ ಕಂಪ್ಯೂಟರೂ ಹೋದಂತೆ, ಬೋರ್ಡ್ ಕೆಟ್ಟರೆ ಒಳ್ಳೆಯ ಪರದೆಯೂ ವ್ಯರ್ಥ. ವೈರು ಬೇಡವೆಂದರೆ ಅಂಗೈಯಗಲದ ಮಿನಿ ಪಿಸಿಯನ್ನು ಮಾನಿಟರ್ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಬಹುದು. ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ರ‍್ಯಾಮ್ ಬದಲಿಸಲು ಬರುವ ಮಾದರಿಯನ್ನೇ ಕೇಳಿ. ಬರೆಯುವಾಗ ಯುನಿಕೋಡ್‌ನಲ್ಲೇ ಬರೆಯಿರಿ. ಮೇಲಿನ ಪತ್ರದ ಡಿಟಿಪಿಯವರ ಕಷ್ಟ ನಿಮ್ಮ ಇತಿಹಾಸಕ್ಕೆ ಬರುವುದು ಬೇಡ.

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಒಂದು ಕಂಪ್ಯೂಟರ್ ಬೇಕು. ಅಸೆಂಬಲ್ ಅಗ್ಗವೆಂದು ಕೆಲವು ನಿರ್ದೇಶಕರು ಹೇಳುತ್ತಾರೆ. — ಕಾರ್ಯದರ್ಶಿ, ಮಳವಳ್ಳಿ ತಾಲ್ಲೂಕು

ಉತ್ತರ: ನಿಮಗೆ ಕಂಪನಿಯದೇ ಸರಿ. ಮನೆಗೆ ಹೇಳಿದ ಬುದ್ಧಿ ಸಂಘಕ್ಕೆ ಹೊಂದುವುದಿಲ್ಲ. ಬೆಳಗ್ಗೆ ಆರಕ್ಕೆ ಕ್ಯಾನುಗಳು ಸಾಲು ನಿಂತಾಗ ಯಂತ್ರ ಕೈಕೊಟ್ಟರೆ, ಯಾವ ಭಾಗ ಕೆಟ್ಟಿದೆ ಎಂದು ಹುಡುಕಿಕೊಂಡು ಕೂರುವ ವ್ಯವಧಾನ ಯಾರಿಗಿದೆ? ಮೂರು ವರ್ಷದ, ಸ್ಥಳಕ್ಕೇ ಬಂದು ರಿಪೇರಿ ಮಾಡುವ ವಾರಂಟಿಯಿರುವ ಕಚೇರಿ ಮಾದರಿಯನ್ನು ತೆಗೆದುಕೊಳ್ಳಿ. ನಿಮ್ಮ ಊರಿಗೂ ಬರುತ್ತಾರೆಯೇ ಎಂದು ಬರಹದಲ್ಲಿ ಪಡೆಯಿರಿ. ಲೆಕ್ಕ ಬರೆಯುವ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂದೂ ಬರುವುದಿಲ್ಲ, ಹಾಗಾಗಿ ಮೇಲಕ್ಕೇರಿಸುವ ಚಿಂತೆ ಹೆಚ್ಚಿಲ್ಲ. ಉಳಿಯುವ ಹಣ ಯುಪಿಎಸ್‌ಗೆ ಹೋಗಲಿ. ವಾರಕ್ಕೊಮ್ಮೆ ಲೆಕ್ಕದ ಪ್ರತಿ ಇನ್ನೊಂದು ಡಿಸ್ಕಿಗೆ ಹೋಗಲಿ, ಆ ಡಿಸ್ಕ್ ಸಂಘದ ಕಟ್ಟಡದಲ್ಲಿ ಇರಬಾರದು.

ಪ್ರಶ್ನೆ: ಅಸೆಂಬಲ್ ಮಾಡಿಸಿದ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಅಸೆಂಬಲ್ ಸರಿಯಾಗಿಲ್ಲವೇ? — ಹೆಸರು ಬೇಡ, ಲಷ್ಕರ್ ಮೊಹಲ್ಲಾ

ಉತ್ತರ: ತಪ್ಪು ಹೆಚ್ಚಾಗಿ ಗೋಡೆಯಲ್ಲಿರುತ್ತದೆ. ಎಸ್‌ಎಂಪಿಎಸ್‌ನ ಸೋಸುಕದಿಂದ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಅರ್ಥ್ ತಂತಿಗೆ ಹರಿದುಹೋಗಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಕಂಡರೂ ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಹೋಗಲು ದಾರಿಯಿಲ್ಲದ್ದು ನಿಮ್ಮ ಬೆರಳಿಗೆ ಬರುತ್ತದೆ. ಕಂಪನಿಯ ಡೆಸ್ಕ್‌ಟಾಪ್ ತಂದಿಟ್ಟರೂ ಹೀಗೇ ಆಗುತ್ತದೆ. ಆದರೂ ಜೋರಾಗಿ ಹೊಡೆದರೆ ಅದು ಬೇರೆ ದೋಷ, ಆ ಕ್ಷಣವೇ ಪ್ಲಗ್ ಕಿತ್ತುಬಿಡಿ. ಅಂಗಡಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಇದನ್ನು ಮುಂದೂಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ಎರಡನೆಯ ವರ್ಷ. ರಜೆಯಲ್ಲಿ ಕೆಲಸ ಮಾಡಿ ಕೂಡಿಸಿದ ಹಣದಲ್ಲಿ ಎಎಂ5 ಬೋರ್ಡ್, ಪ್ರೊಸೆಸರ್ ಎಲ್ಲ ತಂದಿದ್ದೇನೆ. ನಾನೇ ಜೋಡಿಸಬೇಕೆಂದು ಆಸೆ. ಡಬ್ಬಿ ಬಿಚ್ಚಲು ಕೈ ನಡುಗುತ್ತಿದೆ. ಏನಾದರೂ ಮುರಿದರೆ? — ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ಮಗಳೇ, ಮೊದಲ ಸಲ ನನ್ನ ಕೈಯೂ ನಡುಗಿತ್ತು. 1998ರಲ್ಲಿ ಬೆಂಗಳೂರಿನಿಂದ ಬಿಡಿಭಾಗಗಳನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಬಿಚ್ಚಲು ಎರಡು ದಿನ ಧೈರ್ಯ ಬರಲಿಲ್ಲ.

ಹಗಲಿನಲ್ಲಿ, ಊಟ ಮಾಡಿ, ಫ್ಯಾನ್ ನಿಲ್ಲಿಸಿ ಕೂರು. ಬೋರ್ಡಿನ ರಟ್ಟಿನ ಡಬ್ಬಿಯನ್ನೇ ಮಣೆ ಮಾಡಿಕೊಂಡು ಬೋರ್ಡನ್ನು ಅದರ ಮೇಲಿಡು. ಅದು ಬಂದ ಹೊಳೆಯುವ ಚೀಲದ ಮೇಲೆ ಇಟ್ಟು ಚಾಲೂ ಮಾಡಬೇಡ, ಅಂಥ ಚೀಲದ ಹೊರಮೈಯಲ್ಲಿ ವಿದ್ಯುತ್ ಹರಿಯಬಹುದು. ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿರು. ಎಎಂ5ರಲ್ಲಿ ಪಿನ್ನುಗಳು ಇರುವುದು ಸಾಕೆಟ್‌ನಲ್ಲಿ, 1718. ಕೂದಲಿನಷ್ಟು ಸಣ್ಣವು. ಅವುಗಳ ಮೇಲೆ ಬೆರಳು, ಬಟ್ಟೆ, ಏನೂ ಸೋಕಬಾರದು. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿ. ಅದರ ಒಂದು ಮೂಲೆಯಲ್ಲಿ ಪುಟ್ಟ ಚಿನ್ನದ ಬಣ್ಣದ ತ್ರಿಕೋನ ಇದೆ, ಸಾಕೆಟ್‌ನಲ್ಲೂ ಅಂಥದೇ ಗುರುತು ಇದೆ. ಎರಡನ್ನೂ ಸೇರಿಸಿ ಕೈಬಿಟ್ಟರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಒತ್ತಬೇಕು ಅನ್ನಿಸಿದರೆ ಏನೋ ತಪ್ಪಾಗಿದೆ, ನಿಲ್ಲಿಸು. ನಂತರ ಸನ್ನೆಯನ್ನು ಕೆಳಗೆ ಎಳೆಯುವಾಗ ಕಿರಗುಟ್ಟುತ್ತದೆ, ಸಾಕಷ್ಟು ಬಲವೂ ಬೇಕು. ಅಲ್ಲಿ ಹೆದರಬೇಡ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಕಳಚಿ ಬರುತ್ತದೆ. ಅದನ್ನು ಎತ್ತಿಡು, ವಾರಂಟಿಗೆ ಬೋರ್ಡ್ ಕಳಿಸಬೇಕಾದರೆ ಆ ಮುಚ್ಚಳ ಬೇಕು.

ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ಗೆ ಶಾಖ ದಾಟಿಸುವ ಪೇಸ್ಟ್ ಮೊದಲೇ ಹಚ್ಚಿದ್ದರೆ ಇನ್ನೊಂದು ಸಲ ಹಚ್ಚಬೇಡ. ಇಲ್ಲದಿದ್ದರೆ ಬಟಾಣಿ ಕಾಳಿನಷ್ಟು. ರ‍್ಯಾಮ್ ಕೂರಿಸುವಾಗ ಎರಡು ತುದಿಯನ್ನೂ ಟಕ್ಕೆನ್ನುವವರೆಗೆ ಒತ್ತು. ಒಂದೇ ಪಟ್ಟಿಯಾದರೆ ಯಾವ ಸ್ಲಾಟ್ ಎಂದು ಬೋರ್ಡಿನ ಕೈಪಿಡಿಯಲ್ಲಿ ನೋಡು. ಹೊಸಬರು ಮರೆಯುವುದು ಪ್ರೊಸೆಸರ್ ಪಕ್ಕದ ಮೂಲೆಯಲ್ಲಿರುವ 8 ಪಿನ್ನಿನ ಕರೆಂಟು ಕನೆಕ್ಟರ್. ಅದನ್ನು ಸಿಕ್ಕಿಸದೆ ರಾತ್ರಿಯಿಡೀ ಅಳುತ್ತಾ ಕುಳಿತ ಇಬ್ಬರು ವಿದ್ಯಾರ್ಥಿಗಳನ್ನು ನಾನೇ ಕಂಡಿದ್ದೇನೆ.

ಇಷ್ಟೇ ಜೋಡಿಸಿ, ಎಸ್‌ಎಂಪಿಎಸ್‌ನ ಎರಡು ವೈರು ಮತ್ತು ಮಾನಿಟರ್ ಸೇರಿಸಿ, ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಒಮ್ಮೆ ಚಾಲೂ ಮಾಡು. ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಎಲ್ಲ ಹಾಳಾಯಿತು ಎಂದುಕೊಳ್ಳಬೇಡ. ಡಿಡಿಆರ್5 ರ‍್ಯಾಮ್ ಮೊದಲ ಸಲ ಬೋರ್ಡಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ನಿಮಿಷಗಳಲ್ಲಿ ಮೂರು ಸಲ ಕರೆಂಟು ತೆಗೆದು ಹಾಕಿ, ಬೋರ್ಡ್ ಸತ್ತಿದೆ ಎಂದು ನನಗೆ ಫೋನು ಮಾಡಿದ್ದ. ನೀನು ಮುಟ್ಟಬೇಡ. ಹಿತ್ತಿಲಿಗೆ ಹೋಗಿ ಕೈ ತೊಳೆದು, ಅಮ್ಮನನ್ನು ಕರೆದುಕೊಂಡು ಬಾ. ಬಯಾಸ್ ಪರದೆ ಬಂದಾಗ ಅದರಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು ಜಿಬಿ ಎಂದು ಬರೆದಿರುತ್ತದೆ. ಅದನ್ನು ಅಮ್ಮನಿಗೆ ಓದಿ ಹೇಳಿ, ಒಂದು ಫೋಟೋ ತೆಗೆದು ನನಗೆ ಕಳಿಸು.